ಅಪ್‌ಡೇಟ್: ಬಳ್ಳಾರಿ ಸೈಟು ಬಿಟ್ಬಿಟ್ಟೆ

ಹೋದ ತಿಂಗಳು ಕೇಳಿದ್ನಲ್ರಿ, ಬಳ್ಳಾರಿ ಹೊರಗ ಹಳೇ ಜೀನ್ಸ್ ವಾಷಿಂಗ್ ಯೂನಿಟ್ ಇದ್ದ ಜಾಗ ಅಗ್ಗಕ್ಕ ಬರ್ತೈತಿ, ತಗೊಂಡ್ರ ಆ ಯೂನಿಟ್ ಬಿಟ್ಟುಹೋದ ಬಣ್ಣದ ಹೊಲಸು ನನ್ನ ತಲಿಗೆ ಬರ್ತದೇನು ಅಂತ. ತಗೊಳ್ಳಲಿಲ್ಲ. ಬೋರ್ ನೀರು ಲ್ಯಾಬಿಗೆ ಕೊಟ್ರ ಟಿಡಿಎಸ್ (ನೀರಾಗ ಕರಗಿದ ಉಪ್ಪು-ಖನಿಜದ ಲೆಕ್ಕ) ಲೀಟರಿಗೆ 3400 ಮಿಲಿಗ್ರಾಂ, ಕುಡಿಯೋದಕ್ಕ ಬೇರೆ ನೀರೇ ಇಲ್ಲಂದ್ರೂ 2000 ದಾಟಬಾರ್ದು, ಮತ್ತ ಮೂಲ್ಯಾಗ ಗುಂಡಿ ತೋಡಿಸಿದ್ವಿ, ಎರಡಡಿ ಕೆಳಗ ಮಣ್ಣು ನೀಲಿ, ಕೈಗೆ ಹತ್ತಿದ್ದು ಸೋಪು ಹಚ್ಚಿ ತಿಕ್ಕಿದ್ರೂ ಹೋಗ್ಲಿಲ್ಲ. ವಕೀಲ್ರು ಅಂದ್ರು, 1882ರ ಆಸ್ತಿ ವರ್ಗಾವಣೆ ಕಾಯ್ದೆ 55ನೇ ಸೆಕ್ಷನ್‌ನಾಗ ಸುಮ್ನೆ ನೋಡಿದ್ರ ಕಾಣದ ದೊಡ್ಡ ದೋಷ ಮಾರೋನೇ ಹೇಳ್ಬೇಕು ಅಂತ ಐತಿ, ಆದ್ರ ನಿಮಗ ಈಗ ಗೊತ್ತಾಗೇತಲ್ರೀ, ಗೊತ್ತಿದ್ದೂ ತಗೊಂಡ್ರ ಆ ವಾದ ನಿಲ್ಲಂಗಿಲ್ಲ, ಎನ್‌ಜಿಟಿಯಾಗ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಹೊಲಸು ಮಾಡಿದೋನೇ ಪರಿಹಾರ ಕಟ್ಟಬೇಕು ಖರೆ, ಅವನು ಸಿಗ್ಬೇಕಲ್ಲ! ಅಡ್ವಾನ್ಸ್‌ನಾಗ ಹತ್ತು ಸಾವಿರ ಹೋತು. ಬ್ರೋಕರ್ ಇನ್ನೂ ಫೋನ್ ಮಾಡ್ತಾನ, 'ಮ್ಯಾಲೆ ಮರಂ ಮಣ್ಣು ಹಾಕಿದ್ರ ಮುಗೀತಲ್ಲ ಸರ್' ಅಂತಾನ.