ಹೆಡ್‌ಲೈಟ್ ಬಲ್ಬ್ ಬದಲಾವಣೆ: ಅಪ್‌ಡೇಟ್

ನನ್ನ ಹಳೆಯ ಕಾರಿನ ಎಚ್4 ಮಾದರಿಯ ಹ್ಯಾಲೊಜೆನ್ ಬಲ್ಬ್‌ಗಳ ಬೆಳಕು ರಾತ್ರಿ ಸಾಲದೆಂದು, ಹೈ ಬೀಮಿಗೆ (ದೂರ ಬೀಳುವ ಬೆಳಕು) 100, ಲೋ ಬೀಮಿಗೆ (ಹತ್ತಿರ, ತಗ್ಗಿ ಬೀಳುವ ಬೆಳಕು) 90, ಅಂದರೆ 100/90 ವ್ಯಾಟ್‌ನ ಬಲ್ಬ್ ಹಾಕಲೇ ಅಥವಾ ಎಲ್‌ಇಡಿಗೆ ಬದಲಾಗಲೇ ಎಂದು ಕೇಳಿದ್ದೆ. ಕೊನೆಗೆ ಎರಡನ್ನೂ ಹಾಕಲಿಲ್ಲ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.9 ವೋಲ್ಟ್ ಇದ್ದರೂ ಬಲ್ಬಿನ ಹೋಲ್ಡರ್‌ಗೆ ತಲುಪುತ್ತಿದ್ದುದು 12.1 ವೋಲ್ಟ್ ಮಾತ್ರ. ವೋಲ್ಟೇಜ್ ತುಸು ಇಳಿದರೂ ಹ್ಯಾಲೊಜೆನ್ ಬಲ್ಬಿನ ಬೆಳಕು ಅದಕ್ಕಿಂತ ಬಹಳ ಹೆಚ್ಚಾಗಿ ಕುಗ್ಗುವುದರಿಂದ, ದೋಷವಿದ್ದುದು ಬಲ್ಬಿನಲ್ಲಲ್ಲ, ಸ್ವಿಚ್ಚಿನ ಮೂಲಕ ಹಾದುಬರುವ ತೆಳು ವೈರುಗಳಲ್ಲಿ ಎಂಬುದು ಸ್ಪಷ್ಟವಾಯಿತು. ಅಂಥ ವೈರಿನ ಮೇಲೆ 100 ವ್ಯಾಟ್‌ನ ಹೊರೆ ಹೊರಿಸಿದ್ದರೆ ಹೋಲ್ಡರ್ ಕರಗಿಯೇ ಹೋಗುತ್ತಿತ್ತೇನೋ! ಆದ್ದರಿಂದ ಬ್ಯಾಟರಿಯಿಂದ ನೇರವಾಗಿ ಫ್ಯೂಸ್ ಸಹಿತ ದಪ್ಪ ವೈರ್ ಎಳೆಸಿ, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್) ಹಾಕಿಸಿ, ಮೊದಲಿನಷ್ಟೇ, ಅಂದರೆ 60/55 ವ್ಯಾಟ್‌ನ ಹೊಸ ಬಲ್ಬ್‌ಗಳನ್ನೇ, ಗಾಜಿಗೆ ಬೆರಳು ತಾಗದಂತೆ, ಕೂರಿಸಿದೆ.

ಎಲ್‌ಇಡಿಯನ್ನು ಕೈಬಿಟ್ಟ ಕಾರಣ ಬೇರೆ. ಸ್ನೇಹಿತರೊಬ್ಬರ ಬಲ್ಬ್‌ಗಳನ್ನು ತಾತ್ಕಾಲಿಕವಾಗಿ ಹಾಕಿ ಗೋಡೆಯ ಮೇಲೆ ನೋಡಿದಾಗ, ಫಿಲಮೆಂಟಿನ ಸ್ಥಾನಕ್ಕೆಂದೇ ರೂಪಿಸಿದ ರಿಫ್ಲೆಕ್ಟರ್‌ನಲ್ಲಿ ಬೆಳಕು ಚೆದುರಿ, ಲೋ ಬೀಮಿನ ಮೇಲಂಚು ಕದಡಿ, ಎದುರಿನವರ ಕಣ್ಣು ಕುಕ್ಕುವಂತಿತ್ತು. ದೀಪದ ಮುಂದಿನ ಹಳದಿಗಟ್ಟಿದ್ದ ಪ್ಲಾಸ್ಟಿಕ್ ಲೆನ್ಸನ್ನು ಪಾಲಿಶ್ ಮಾಡಿಸಿದ್ದೂ ನಾನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಫಲ ನೀಡಿತು.

ಈಗ ಹೋಲ್ಡರ್‌ನಲ್ಲಿ 13.5 ವೋಲ್ಟ್ ಇದ್ದು, ರಸ್ತೆಯ ಅಂಚು ಸ್ಪಷ್ಟವಾಗಿ ಕಾಣುತ್ತಿದೆ. ಬಲಗಡೆಯ ದೀಪ ಮಾತ್ರ ತುಸು ಮೇಲಕ್ಕಿದೆ. ಅದನ್ನು ಈ ವಾರ ಸರಿಪಡಿಸಿಕೊಳ್ಳಬೇಕು.