ಹೋದ ವರ್ಷ ಒಂದೂವರೆ ಅಂಗುಲ, ಈ ವರ್ಷ ಐದು ಅಂಗುಲ: ನನ್ನ ರೈಫಲ್‌ಗೆ ಏನಾಗಿದೆ?

ತುಂಗಾತೀರ (ವಿಸ್ಕಾನ್ಸಿನ್), ಅಕ್ಟೋಬರ್ 19

ಎಲ್ಲರಿಗೂ ನಮಸ್ಕಾರ. ಮೂರು ಭಾನುವಾರಗಳಿಂದ ರೇಂಜಿಗೆ (ಗುರಿ ಅಭ್ಯಾಸದ ಮೈದಾನಕ್ಕೆ) ಹೋಗುವುದು, ಸಪ್ಪೆ ಮುಖ ಹೊತ್ತು ಮನೆಗೆ ಬರುವುದು, ಇಷ್ಟೇ ಆಗಿದೆ. ಬಲ್ಲವರು ದಾರಿ ತೋರಿಸಬೇಕು.

ನನ್ನದು .308 ಅಳತೆಯ ತೋಟೆಯ ಬೋಲ್ಟ್ ಆಕ್ಷನ್ ರೈಫಲ್, ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಲ್ಲಿ ಎಳೆದು ತೋಟೆ ಏರಿಸುವಂಥದ್ದು. ವಾಲ್ನಟ್ ಮರದ ಸ್ಟಾಕ್ (ನಳಿಗೆಯನ್ನು ಹೊರುವ, ಭುಜಕ್ಕೆ ಒರಗಿಸುವ ಭಾಗ), 22 ಅಂಗುಲದ ತೆಳ್ಳಗಿನ ನಳಿಗೆ, ಮೇಲೆ ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸುವ ಸ್ಕೋಪ್ (ಗುರಿ ನೋಡುವ ದುರ್ಬೀನು). ಆರು ವರ್ಷದ ಹಿಂದೆ ಬೇಟೆ ಬಿಟ್ಟ ಹಿರಿಯರೊಬ್ಬರಿಂದ ಕೊಂಡೆ. ಹೋದ ನವೆಂಬರಿನವರೆಗೆ 100 ಗಜದಲ್ಲಿ ಐದು ಗುಂಡು ಹೊಡೆದರೆ ಐದೂ ಒಂದೂವರೆ ಅಂಗುಲದೊಳಗೆ ಬೀಳುತ್ತಿದ್ದವು. ಬೇಟೆಗೆ ಅಷ್ಟು ಸಾಕು.

ಈಗ ಹಾಗಿಲ್ಲ. ಮೊದಲ ಗುಂಡು ಇಟ್ಟ ಗುರಿಗೇ ಹೋಗುತ್ತದೆ. ಎರಡನೆಯದು ಒಂದು ಅಂಗುಲ ಮೇಲೆ. ಮೂರನೆಯದು ಎರಡೂವರೆ ಅಂಗುಲ ಬಲಕ್ಕೆ, ಮೇಲಕ್ಕೆ. ನಾಲ್ಕು, ಐದು ಅದೇ ದಿಕ್ಕಿನಲ್ಲಿ ಇನ್ನೂ ದೂರ. ಗುರಿಯ ಕಾಗದದ ಮೇಲೆ ರಂಧ್ರಗಳ ಹರವು ಅಳೆದರೆ ಐದು ಅಂಗುಲ.

ಮಾಡಿ ನೋಡಿದ್ದನ್ನು ಹೇಳುತ್ತೇನೆ. ಸ್ಕೋಪಿನ ಉಂಗುರಗಳ ಸ್ಕ್ರೂ ಬಿಗಿ ಮಾಡಿದೆ. ನಳಿಗೆಯನ್ನು ಬಟ್ಟೆ ಬೆಳ್ಳಗೆ ಹೊರಬರುವವರೆಗೆ ಒರೆಸಿದೆ. ಈ ಸಲ ಅಂಗಡಿಯಲ್ಲಿ ನನ್ನ ಮಾಮೂಲಿ 165 ಗ್ರೇನಿನ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ತೋಟೆ ಸಿಗದೆ 150 ಗ್ರೇನಿನದು ತಂದಿದ್ದೆ. ಅದೇ ಕಾರಣವಿರಬಹುದೆಂದು ಹಳೆಯ ಡಬ್ಬಿಯಲ್ಲಿ ಉಳಿದಿದ್ದ ಎಂಟನ್ನು ಹುಡುಕಿ ಹೊಡೆದೆ. ಅವೂ ಹಾಗೆಯೇ ಮೇಲಕ್ಕೆ, ಬಲಕ್ಕೆ ನಡೆದುಕೊಂಡು ಹೋದವು. ಹೊಸ ಸ್ಕೋಪ್ ಕೊಳ್ಳಲು ದುಡ್ಡು ತೆಗೆದಿಟ್ಟಿದ್ದೇನೆ, ಆದರೆ ಕೈ ಬರುತ್ತಿಲ್ಲ.

ಇಲ್ಲಿ ಜಿಂಕೆಯ ಒಂಬತ್ತು ದಿನದ ಬಂದೂಕಿನ ಋತು ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಶುರುವಾಗುತ್ತದೆ. ಜಿಂಕೆಯ ಹೃದಯ, ಶ್ವಾಸಕೋಶಗಳಿರುವ ಭಾಗ ಸುಮಾರು ಎಂಟು ಅಂಗುಲ ಅಗಲ. ಬೆಂಚಿನ ಮೇಲೆ ಮರಳು ಚೀಲ ಇಟ್ಟುಕೊಂಡೇ ಐದು ಅಂಗುಲ ಚದುರುವ ರೈಫಲನ್ನು ಹಿಡಿದು, ಚಳಿಯಲ್ಲಿ ನಡುಗುತ್ತಾ ಅಟ್ಟಣೆಯ ಮೇಲಿಂದ ಒಂದು ಜೀವದ ಕಡೆಗೆ ತಿರುಗಿಸಲು ನನ್ನಿಂದ ಆಗದು. ತೀರ್ಥಹಳ್ಳಿಯ ಮನೆಯಲ್ಲಿ ನಮ್ಮ ಅಜ್ಜನ ಕೇಪಿನ ಕೋವಿ ಗೋಡೆಗೆ ನೇತುಹಾಕಿತ್ತು. ಗಾಯ ಮಾಡಿ ಕಳೆದುಕೊಂಡ ಒಂದು ಪ್ರಾಣಿಯ ವಿಷಯ ಅವರು ಸಾಯುವವರೆಗೆ ಹೇಳುತ್ತಿದ್ದರು. ಸರಿಹೋಗದಿದ್ದರೆ ಈ ವರ್ಷ ನಾನು ಕಾಡಿಗೆ ಹೋಗುವುದಿಲ್ಲ.

ಲೇತ್ ಮೇಷ್ಟ್ರು (ಓಹಾಯೋ), ಅಕ್ಟೋಬರ್ 19

ತಮ್ಮಾ, ಸ್ಕೋಪಿನ ದುಡ್ಡನ್ನು ಹಾಗೆಯೇ ಇಟ್ಟುಕೊ. ನೀನು ಒಟ್ಟೊಟ್ಟಿಗೆ ಉಂಗುರ ಬಿಗಿ ಮಾಡಿ, ನಳಿಗೆ ತೊಳೆದು, ತೋಟೆಯನ್ನೂ ಬದಲಿಸಿದ್ದೀಯ. ಇವುಗಳಲ್ಲಿ ಒಂದು ಸರಿಹೋಗಿದ್ದರೂ ಯಾವುದರಿಂದ ಎಂದು ಗೊತ್ತಾಗುತ್ತಿರಲಿಲ್ಲ. ಮೂವತ್ತು ವರ್ಷ ಲೇತಿನ ಮುಂದೆ ನಿಂತವನ ಮಾತು ಕೇಳು: ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲವೂ ಹೊಸ ಕಾಗದ, ಕಾಗದದ ಮೂಲೆಯಲ್ಲಿ ತಾರೀಖು ಮತ್ತು ಏನು ಬದಲಾಯಿಸಿದೆ ಎಂಬ ಟಿಪ್ಪಣಿ. ರಂಧ್ರಗಳ ಪಕ್ಕದಲ್ಲಿ ಒಂದು, ಎರಡು, ಮೂರು ಎಂದು ಬರೆ.

ನೀನು ಗುಂಡುಗಳ ಕ್ರಮವನ್ನು ಗಮನಿಸಿದ್ದೀಯಲ್ಲ, ಅರ್ಧ ಉತ್ತರ ಅದರಲ್ಲೇ ಇದೆ. ಸ್ಕೋಪಿನ ಒಳಗಿನ ಗೆರೆ ಸಡಿಲವಾಗಿದ್ದರೆ ಗುಂಡುಗಳು ಸಾಮಾನ್ಯವಾಗಿ ಎಲ್ಲೆಂದರಲ್ಲಿ ಬೀಳುತ್ತವೆ, ಇಲ್ಲವೇ ಎರಡು ಗುಂಪಾಗಿ ಒಡೆಯುತ್ತವೆ. ಒಂದೇ ದಿಕ್ಕಿಗೆ ಹೆಜ್ಜೆ ಹೆಜ್ಜೆಯಾಗಿ ಸರಿಯುವುದಾದರೆ ನನ್ನ ಅನುಮಾನ ಮೊದಲು ಹೋಗುವುದು ಶಾಖದ ಕಡೆಗೆ. ಎರಡು ಗುಂಡಿನ ನಡುವೆ ಎಷ್ಟು ಹೊತ್ತು ಬಿಡುತ್ತೀಯ? ಅದನ್ನು ಬರೆದಿಲ್ಲ.

ಅಷ್ಟರಲ್ಲಿ ಸ್ಟಾಕಿನ ಕೆಳಗಿನ ಎರಡು ಸ್ಕ್ರೂಗಳನ್ನು ನೋಡು. ಎಲ್ಲರೂ ಸ್ಕೋಪಿನ ಸ್ಕ್ರೂ ನೋಡುತ್ತಾರೆ, ಲೋಹದ ಭಾಗವನ್ನು ಮರಕ್ಕೆ ಹಿಡಿದಿಡುವ ಇವುಗಳನ್ನು ಮರೆಯುತ್ತಾರೆ. ತಯಾರಕರ ಪುಸ್ತಕದಲ್ಲಿ ಅಂಕಿ ಇದ್ದರೆ ಅದೇ ಅಂತಿಮ. ಇಲ್ಲದಿದ್ದರೆ ಒಳಗೆ ಲೋಹದ ಕಂಬಗಳಿಲ್ಲದ ಬರೀ ಮರಕ್ಕೆ 35ರಿಂದ 40 ಅಂಗುಲ-ಪೌಂಡ್ (ಬಿಗಿತದ ಅಳತೆ) ಸಾಕು. ಹೆಚ್ಚು ಬಿಗಿದರೆ ಮರ ನುಜ್ಜುಗುಜ್ಜಾಗುತ್ತದೆ, ಆಮೇಲೆ ಎಷ್ಟು ತಿರುಗಿಸಿದರೂ ಹಿಡಿತ ಬರುವುದಿಲ್ಲ. ಸ್ಕೋಪಿನ ಉಂಗುರಕ್ಕೆ 15ರಿಂದ 20. ಕೈಯ ಅಂದಾಜು ಬೇಡ, ಬಿಗಿತ ಅಳೆದು ತಿರುಗಿಸುವ ಟಾರ್ಕ್ ರಿಂಚ್ ಕೊಂಡುಕೋ. ಸ್ಕೋಪಿಗಿಂತ ಬಹಳ ಅಗ್ಗ.

ಮುಟ್ಟುವ ಮುಂಚೆ ಮ್ಯಾಗಝೀನ್ ಬಿಚ್ಚು, ಬೋಲ್ಟ್ ಹೊರಗೆ ತೆಗೆ, ತೋಟೆ ಕೂರುವ ಚೇಂಬರಿಗೆ ಬೆರಳಿಟ್ಟು ಖಾಲಿ ಎಂದು ಖಚಿತ ಮಾಡಿಕೋ. ನಿನಗೆ ಗೊತ್ತಿದೆ ಎಂದು ನನಗೂ ಗೊತ್ತು. ಆದರೂ ಹೇಳದೆ ಬಿಡಲಾರೆ.

ಕಾಫಿ ಕಣ (ಸೋಮವಾರಪೇಟೆ), ಅಕ್ಟೋಬರ್ 20

ಮೇಷ್ಟ್ರು ಸ್ಕ್ರೂ ಎನ್ನುತ್ತಾರೆ, ನಾನು ಮರ ಎನ್ನುತ್ತೇನೆ. ತುಂಗಾತೀರ ಅವರೇ, ಬೇಸಿಗೆಯಲ್ಲಿ ರೈಫಲನ್ನು ಎಲ್ಲಿಟ್ಟಿದ್ದಿರಿ?

ನಮ್ಮ ಮನೆಯಲ್ಲಿ ಈಶಾಪುರ ಕಾರ್ಖಾನೆಯ 315 ಬೋರ್ ರೈಫಲ್ ಇದೆ, ಲೀ ಎನ್‌ಫೀಲ್ಡ್ ಮಾದರಿಯದು, ತಂದೆಯ ಕಾಲದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇಲ್ಲಿ ಬೇಟೆ ಇಲ್ಲ. ಕೋವಿ ಹೊರಗೆ ಬರುವುದು ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ. ಪೂಜೆಯಲ್ಲಿ ನಳಿಗೆಗೆ ತೋಕ್ ಪೂವು (ಕೋವಿ ಹೂವು) ಸಿಕ್ಕಿಸುತ್ತೇವೆ, ಆಮೇಲೆ ತೆಂಗಿನಕಾಯಿಗೆ ಗುರಿ ಇಡುವ ಸ್ಪರ್ಧೆ. ಅದು ಬರುವುದು ಸೆಪ್ಟೆಂಬರಿನಲ್ಲಿ, ಜೂನ್‌ನಿಂದ ಹಿಡಿದ ಮಳೆಯಲ್ಲಿ ಮನೆಯ ಬಾಗಿಲುಗಳೆಲ್ಲ ಊದಿ ಮುಚ್ಚಲು ಒದ್ದಾಡುವ ಕಾಲದಲ್ಲಿ. ಬಾಗಿಲಿನ ಮರ ಊದಿದರೆ ಕೋವಿಯ ಮರ ಊದದೆ ಇರುತ್ತದೆಯೇ? ಮಾರ್ಚಿನಲ್ಲಿ ನೆಟ್ಟಗೆ ಹೊಡೆಯುತ್ತಿದ್ದ ಕೋವಿ ಸೆಪ್ಟೆಂಬರಿನಲ್ಲಿ ಕಾಯಿಯನ್ನು ಬಿಟ್ಟು ಗರಿಗೆ ಹೊಡೆಯುತ್ತಿತ್ತು. ಮುಂದಿನ ಮರ ನಳಿಗೆಯನ್ನು ಒಂದು ಪಕ್ಕದಿಂದ ತಳ್ಳುತ್ತಿತ್ತು ಎಂದು ತಿಳಿಯಲು ನನಗೆ ಎರಡು ಹಬ್ಬ ಬೇಕಾಯಿತು.

ಒಂದು ನೋಟನ್ನು ನಳಿಗೆಯ ಕೆಳಗೆ, ಮರದ ತುದಿಯಿಂದ ತೂರಿಸಿ ಹಿಂದಕ್ಕೆ ಎಳೆಯಿರಿ. ಎಲ್ಲಿ ಸಿಕ್ಕಿಬೀಳುತ್ತದೆಯೋ ಅಲ್ಲಿ ಮರ ಮುಟ್ಟುತ್ತಿದೆ. ನಿಮ್ಮ ಗುಂಡುಗಳು ಮೇಲಕ್ಕೆ ಬಲಕ್ಕೆ ಹೋಗುತ್ತಿವೆ. ಹಾಗಾಗಿ ಕೆಳಗೆ, ಎಡಗಡೆಯಲ್ಲಿ ಸಿಕ್ಕಿಬಿದ್ದೀತೆಂದು ನನ್ನ ಊಹೆ.

ಐವತ್ತು ಮೀಟರ್ (ಬೆಂಗಳೂರು), ಅಕ್ಟೋಬರ್ 20

ನಾನು ಬೇಟೆಯವಳಲ್ಲ, 50 ಮೀಟರ್ ಪ್ರೋನ್ (ಬೋರಲು ಮಲಗಿ ಹೊಡೆಯುವ) ಸ್ಪರ್ಧೆಯವಳು, ಬರೀ .22ರ ಸಣ್ಣ ರೈಫಲ್ ಗೊತ್ತು. ಆದರೂ ಬೆಂಚಿನ ಮೇಲಿನ ತಪ್ಪುಗಳು ಎಲ್ಲ ರೈಫಲ್‌ಗಳಿಗೂ ಒಂದೇ. ಮರಳು ಚೀಲ ಎಲ್ಲಿದೆ ಎಂದು ನೋಡಿಕೊಳ್ಳಿ ಅಣ್ಣ. ಅದು ಸ್ಟಾಕಿನ ಮುಂಭಾಗದ ಕೆಳಗಿರಬೇಕು, ನಳಿಗೆಗೆ ಎಂದೂ ತಾಗಬಾರದು. ಬೆಲ್ಟ್ ಕಟ್ಟುವ ಕೊಂಡಿ ಚೀಲದ ತೀರಾ ಹತ್ತಿರವಿದ್ದರೆ ರೈಫಲ್ ಹಿಂದಕ್ಕೆ ಒದೆಯುವಾಗ ಆ ಕೊಂಡಿ ಚೀಲಕ್ಕೆ ಬಡಿದು ಮೂತಿಯನ್ನು ಮೇಲಕ್ಕೆ ಎತ್ತುತ್ತದೆ. ಒಂದು ಅಂಗೈಯಷ್ಟು ಜಾಗ ಬಿಡಿ.

ಇನ್ನೊಂದು. .308ರ ಒದೆತಕ್ಕೆ ಭುಜ ಹೆದರಿದ್ದರೆ ನಾಲ್ಕನೆಯ, ಐದನೆಯ ಗುಂಡಿಗೆ ಅದು ಹೆಚ್ಚುತ್ತದೆ. ಶಾಖದಿಂದಲೂ ಹಾಗೆಯೇ ಆಗುವುದರಿಂದ ಎರಡನ್ನೂ ಬೇರ್ಪಡಿಸಬೇಕು. ಗೆಳೆಯರೊಬ್ಬರಿಗೆ ರೈಫಲ್ ತುಂಬಲು ಹೇಳಿ. ಅವರು ನಿಮಗೆ ಗೊತ್ತಾಗದಂತೆ ನಡುನಡುವೆ ಡಮ್ಮಿ ತೋಟೆ (ಮದ್ದಿಲ್ಲದ್ದು) ಹಾಕಲಿ. ಟ್ರಿಗರ್ ಟಕ್ ಎಂದಾಗ ಸ್ಕೋಪಿನ ಗೆರೆ ಗುರಿಯಿಂದ ಅಲ್ಲಾಡದೆ ನಿಂತಿದ್ದರೆ ತಪ್ಪು ನಿಮ್ಮದಲ್ಲ. ಅಲ್ಲಾಡಿದರೆ ನಾಚಿಕೆ ಬೇಡ, ದಿನಾ ಹತ್ತು ನಿಮಿಷ ಖಾಲಿ ರೈಫಲಿನಲ್ಲಿ ಅಭ್ಯಾಸ ಮಾಡಿದರೆ ಹೋಗುತ್ತದೆ. ನನಗೂ ಹೋಯಿತು.

ತುಂಗಾತೀರ, ಅಕ್ಟೋಬರ್ 26

ಮೂವರಿಗೂ ಕೃತಜ್ಞತೆಗಳು. ಈ ವಾರ ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ರೈಫಲ್ ಇದ್ದದ್ದು ನೆಲಮಾಳಿಗೆಯ ಕಪಾಟಿನಲ್ಲಿ. ಜುಲೈನಲ್ಲಿ ಅಲ್ಲಿನ ತೇವ ತೆಗೆಯುವ ಯಂತ್ರ ಕೆಟ್ಟಿತ್ತು. ಮಕ್ಕಳ ರಜೆಯ ಓಡಾಟದಲ್ಲಿ ಸೆಪ್ಟೆಂಬರಿನವರೆಗೆ ಅದನ್ನು ನಾನು ರಿಪೇರಿ ಮಾಡಿಸಲಿಲ್ಲ. ಕಾಫಿ ಕಣ ಅವರು ಕೇಳಿದ ತಕ್ಷಣ ಇದು ನೆನಪಾಗಿ ಎದೆ ಧಸಕ್ಕೆಂದಿತು. ಕಿಸೆಯಲ್ಲಿದ್ದ ಒಂದು ಡಾಲರಿನ ನೋಟನ್ನು ತೂರಿಸಿದೆ. ತುದಿಯಿಂದ ನಾಲ್ಕು ಅಂಗುಲ ಒಳಗೆ, ಎಡಗಡೆಯಲ್ಲಿ ಅದು ನಿಂತುಬಿಟ್ಟಿತು. ಬೆಳಕಿಗೆ ಹಿಡಿದು ನೋಡಿದರೆ ಬಲಗಡೆ ಸಂದು ಕಾಣುತ್ತದೆ, ಎಡಗಡೆ ಇಲ್ಲ.

ಆದರೂ ಮೇಷ್ಟ್ರ ಮಾತಿನಂತೆ ಆತುರ ಪಡಲಿಲ್ಲ. ಮೊದಲು ಸ್ಕ್ರೂ. ಮುಂದಿನದು ಬೆರಳಿನಲ್ಲೇ ಕಾಲು ಸುತ್ತು ತಿರುಗಿತು, ಅಷ್ಟು ಸಡಿಲ. 40ಕ್ಕೆ ಬಿಗಿದು ರೇಂಜಿಗೆ ಹೋದೆ. ಐದು ಅಂಗುಲ ನಾಲ್ಕಕ್ಕೆ ಇಳಿಯಿತು, ನಡಿಗೆ ಮಾತ್ರ ಹಾಗೆಯೇ ಇತ್ತು. ನಂತರ ಬೇರೇನೂ ಮುಟ್ಟದೆ ಪ್ರತಿ ಗುಂಡಿಗೂ ಹತ್ತು ನಿಮಿಷ ಕಾದೆ. ಬೋಲ್ಟ್ ತೆರೆದಿಟ್ಟು, ಥರ್ಮಾಸಿನ ಕಾಫಿ ಕುಡಿಯುತ್ತಾ ನಳಿಗೆ ತಣ್ಣಗಾಗುವವರೆಗೆ ಕೂತೆ. ಐದು ಗುಂಡುಗಳಿಗೆ ಸುಮಾರು ಒಂದು ಗಂಟೆ ಹಿಡಿಯಿತು. ಗುಂಪು ಎರಡು ಅಂಗುಲ! ಆ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡಿದ್ದೇನೆ. ಮುಂಚೆ ಅರ್ಧ ನಿಮಿಷಕ್ಕೊಂದು ಗುಂಡು ಹೊಡೆಯುತ್ತಿದ್ದೆ.

ಡಮ್ಮಿ ಪರೀಕ್ಷೆಯನ್ನೂ ಮಾಡಿದೆ ಅಕ್ಕ. ಆರರಲ್ಲಿ ಒಂದು ಸಲ ಕಣ್ಣು ಮುಚ್ಚಿದೆ. ಅಭ್ಯಾಸ ಶುರು ಮಾಡಿದ್ದೇನೆ.

ಮರವನ್ನು ಉಜ್ಜಿ ತೆಗೆಯಬಹುದೇ?

ಲೇತ್ ಮೇಷ್ಟ್ರು, ಅಕ್ಟೋಬರ್ 26

ಭೇಷ್. ಕಾಫಿ ಕಣ ಅವರ ಊಹೆಯೇ ಸರಿ, ಒಪ್ಪಿದೆ.

ಉಜ್ಜುವ ಮುಂಚೆ ಒಂದು ಎಚ್ಚರ. ಕೆಲವು ತೆಳು ನಳಿಗೆಯ ರೈಫಲ್‌ಗಳಲ್ಲಿ ಸ್ಟಾಕಿನ ತುದಿಯ ಬಳಿ ಬೇಕೆಂದೇ ಒಂದು ಉಬ್ಬು ಬಿಟ್ಟಿರುತ್ತಾರೆ, ಅದು ನಳಿಗೆಯನ್ನು ಕೆಳಗಿನಿಂದ ಸಮನಾಗಿ ಒತ್ತಬೇಕು. ಅಂಥದ್ದಿದ್ದರೆ ಅದನ್ನು ಕೆರೆದು ಹಾಕಬೇಡ. ನಿನ್ನದು ತುದಿಯಲ್ಲಿ ಸಡಿಲವಾಗಿದ್ದು ಒಳಗೆ ಒಂದೇ ಪಕ್ಕ ಮುಟ್ಟುತ್ತಿದೆ ಎಂದರೆ ಇದು ಉಬ್ಬಲ್ಲ, ಸೊಟ್ಟಗಾದ ಮರ.

ಉಜ್ಜುವ ಕ್ರಮ ಹೀಗೆ. ನಳಿಗೆಗಿಂತ ತುಸು ದಪ್ಪದ ಮರದ ಕೋಲಿಗೆ ಮರಳು ಕಾಗದ ಸುತ್ತು. ಎಡಗಡೆಯನ್ನು ಮಾತ್ರ, ಉದ್ದಕ್ಕೆ, ನಿಧಾನವಾಗಿ ಉಜ್ಜು. ಇಪ್ಪತ್ತು ಸಲ ಎಳೆದು, ಜೋಡಿಸಿ, ಸ್ಕ್ರೂ ಅದೇ 40ಕ್ಕೆ ಬಿಗಿದು, ನೋಟು ಎಳೆದು ನೋಡು. ಎರಡು ಪಟ್ಟು ಮಡಿಸಿದ ನೋಟು ಸರಾಗವಾಗಿ ಓಡಿದಾಗ ನಿಲ್ಲಿಸು. ಚೇಂಬರಿನ ಹತ್ತಿರದ ಭಾಗಕ್ಕೆ ಹೋಗಬೇಡ, ಅಲ್ಲಿ ಲೋಹ ಮರದ ಮೇಲೆ ಗಟ್ಟಿಯಾಗಿ ಕೂತಿರಬೇಕು. ಮುಂದಿನ ಸ್ಕ್ರೂ ಸಡಿಲಿಸುವಾಗ ನಳಿಗೆ ಮತ್ತು ಮರದ ಸಂದಿನ ಮೇಲೆ ಒಂದು ಬೆರಳಿಟ್ಟುಕೋ. ನಳಿಗೆ ಚಿಗಿದಂತೆ ಬೆರಳಿಗೆ ತಿಳಿದರೆ ಒಳಗಿನ ಆಸನವೂ ಕೆಟ್ಟಿದೆ ಎಂದರ್ಥ. ಆಗ ಅದನ್ನು ಎಪಾಕ್ಸಿ ಹಾಕಿ ಕೂರಿಸಬೇಕಾಗುತ್ತದೆ, ಆ ಕೆಲಸ ಋತು ಮುಗಿದ ಮೇಲೆ.

ಬರಿದಾದ ಮರವನ್ನು ಹಾಗೆಯೇ ಬಿಟ್ಟರೆ ಇನ್ನೂ ಬೇಗ ನೀರು ಕುಡಿಯುತ್ತದೆ. ಮರಕ್ಕೆ ಹಚ್ಚುವ ಪಾಲಿಯುರೇಥೇನ್ ಎರಡು ತೆಳು ಕೈ ಹಚ್ಚಿ ಒಣಗಿಸು.

ಇನ್ನು ನಳಿಗೆಯನ್ನು ಬೆಳ್ಳಗೆ ತೊಳೆಯುವ ಹುಚ್ಚು ಈಗ ಬೇಡ. ತೊಳೆದ ನಳಿಗೆಯ ಮೊದಲ ಎರಡು ಮೂರು ಗುಂಡುಗಳು ಬೇರೆಲ್ಲಿಗೋ ಹೋಗಬಹುದು.

ತುಂಗಾತೀರ, ನವೆಂಬರ್ 9

ಉಜ್ಜಿದೆ, ಬಣ್ಣ ಹಚ್ಚಿದೆ, ಒಣಗಿಸಿದೆ. ಸ್ಕ್ರೂ ಸಡಿಲಿಸಿದಾಗ ಬೆರಳಿಗೆ ಏನೂ ತಿಳಿಯಲಿಲ್ಲ, ಆಸನ ಗಟ್ಟಿಯಾಗಿದೆ.

ಇವತ್ತು ಬೆಳಗ್ಗೆ ಹಿಮ ಉದುರುತ್ತಿತ್ತು. ಒಂದೊಂದು ನಿಮಿಷದ ಅಂತರದಲ್ಲಿ ಐದು ಗುಂಡು: ಒಂದು ಅಂಗುಲ ಮುಕ್ಕಾಲು. ಅರ್ಧ ಗಂಟೆ ಬಿಟ್ಟು ಮತ್ತೆ ಐದು: ಒಂದೂವರೆ. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ಹತ್ತು ಗುಂಡುಗಳೂ ಎರಡು ಅಂಗುಲದೊಳಗೆ. ನಡಿಗೆ ನಿಂತಿದೆ. ಪೂರ್ತಿ ಗುಂಪು ಒಂದು ಅಂಗುಲ ಎಡಕ್ಕೆ, ಅರ್ಧ ಅಂಗುಲ ಕೆಳಕ್ಕೆ ಬಂದಿತ್ತು, ಮರದ ಒತ್ತಡ ಹೋಯಿತಲ್ಲ. ಸ್ಕೋಪಿನ ತಿರುಪನ್ನು ಕಾಲು ಮಿನಿಟಿನ ಕ್ಲಿಕ್‌ಗಳಲ್ಲಿ (100 ಗಜಕ್ಕೆ ಒಂದು ಕ್ಲಿಕ್ ಸುಮಾರು ಕಾಲು ಅಂಗುಲ) ನಾಲ್ಕು ಬಲಕ್ಕೆ, ಎರಡು ಮೇಲಕ್ಕೆ ತಿರುಗಿಸಿದೆ. ಆಮೇಲಿನ ಮೂರು ಗುಂಡುಗಳು ನಡುವಿಗೇ ಬಂದವು. ಸ್ಕೋಪಿಗೆ ಏನೂ ಆಗಿರಲಿಲ್ಲ.

150 ಗ್ರೇನಿನ ಡಬ್ಬಿಯಿಂದಲೇ ಹೊಡೆದದ್ದು, ಬೇಟೆಗೂ ಅದನ್ನೇ ಒಯ್ಯುತ್ತೇನೆ. ಒಂದು ಪ್ರಶ್ನೆ ಉಳಿದಿದೆ. ಈಗ ರೈಫಲನ್ನು ಬೆಚ್ಚಗಿನ ಮನೆಯಲ್ಲಿಡಲೇ, ಗ್ಯಾರೇಜಿನ ಚಳಿಯಲ್ಲಿಡಲೇ?

ಕಾಫಿ ಕಣ, ನವೆಂಬರ್ 10

ಬಹಳ ಸಂತೋಷವಾಯಿತು. ನೆಲಮಾಳಿಗೆ ಬೇಡ, ಒಲೆಯ ಪಕ್ಕವೂ ಬೇಡ. ಬೇಗ ಒಣಗಿದರೆ ಮರ ಇನ್ನೊಂದು ಕಡೆಗೆ ಸೊಟ್ಟಗಾದೀತು. ಮನೆಯೊಳಗೆ, ಮಲಗುವ ಕೋಣೆಯ ಕಪಾಟಿಗೆ ಬೀಗ ಹಾಕಿ ಇಡಿ. ಕಾಡಿಗೆ ಹೋಗುವ ಹಿಂದಿನ ವಾರ ತಣ್ಣಗಿನ ನಳಿಗೆಯಿಂದ ಒಂದೇ ಒಂದು ಗುಂಡು ಹೊಡೆದು ನೋಡಿ. ಮರಸು ಕೂತಾಗ, ಅಂದರೆ ಪ್ರಾಣಿಗಾಗಿ ಅಡಗಿ ಕಾಯುವಾಗ, ನಿಮಗೆ ಸಿಗುವುದು ಆ ಒಂದೇ ಗುಂಡು.

ತುಂಗಾತೀರ, ನವೆಂಬರ್ 16

ಹೊಡೆದೆ. ಗುರಿಯಿಂದ ಅರ್ಧ ಅಂಗುಲ ಕೆಳಗೆ. ಶನಿವಾರ ಬೆಳಗ್ಗೆ ನಾಲ್ಕಕ್ಕೆ ಎದ್ದು ಹೊರಡುತ್ತಿದ್ದೇನೆ.