ಡಿಸ್ಲೆಕ್ಸಿಯಾ ಇರುವ ಒಂಬತ್ತು ವರ್ಷದ ಮಗನಿಗೆ ಮನೆಯಲ್ಲೇ ಕಲಿಸುವುದಾದರೆ ಯಾವ ಪಠ್ಯಕ್ರಮ ಸೂಕ್ತ?

ಪ್ರಶ್ನೆ: ಬನಶಂಕರಿಯ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಒಂಬತ್ತು ವರ್ಷ. ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಯೊಂದರಲ್ಲಿ ನಾಲ್ಕನೇ ತರಗತಿಯಲ್ಲಿದ್ದಾನೆ. ಕಳೆದ ವರ್ಷ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರು ಅವನನ್ನು ಪರೀಕ್ಷಿಸಿ, ಓದು ಮತ್ತು ಬರವಣಿಗೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ (ಡಿಸ್ಲೆಕ್ಸಿಯಾ) ಇದೆಯೆಂದೂ, ಜೊತೆಗೆ ಗಮನದ ಕೊರತೆಯ ಎಡಿಎಚ್‌ಡಿ ಇದೆಯೆಂದೂ, ಬುದ್ಧಿಮಟ್ಟ ವಯಸ್ಸಿಗೆ ತಕ್ಕಂತೆಯೇ ಇದೆಯೆಂದೂ ವರದಿ ಕೊಟ್ಟಿದ್ದಾರೆ. ಮನೆಯಲ್ಲಿ ನಾವು ಮಾತನಾಡುವುದು ಕನ್ನಡ.

ಕಥೆ ಓದಿ ಹೇಳಿದರೆ ಒಂದು ಮಾತೂ ಬಿಡದಂತೆ ಅದನ್ನು ತಿರುಗಿ ಹೇಳುತ್ತಾನೆ. ತರಕಾರಿಯವರ ಬಳಿ ಚಿಲ್ಲರೆ ಲೆಕ್ಕವನ್ನು ನನಗಿಂತ ಬೇಗ ಮುಗಿಸುತ್ತಾನೆ. ಆದರೆ ಪುಸ್ತಕ ಕೈಗೆ ಕೊಟ್ಟರೆ ಇಂಗ್ಲಿಷಿನಲ್ಲಿ ಒಂದನೇ ತರಗತಿಯ ಪಾಠವೂ ಕಷ್ಟ. ಕನ್ನಡದಲ್ಲಿ ಒತ್ತಕ್ಷರ ಬಂದ ಕಡೆಯೆಲ್ಲ ನಿಂತುಬಿಡುತ್ತಾನೆ. ತರಗತಿಯಲ್ಲಿ ಬೋರ್ಡಿನ ಮೇಲಿನದನ್ನು ಅವನು ಅರ್ಧ ಬರೆದುಕೊಳ್ಳುವಷ್ಟರಲ್ಲಿ ಅದನ್ನು ಅಳಿಸಿರುತ್ತಾರೆ. ಈಗೀಗ ಸೋಮವಾರ ಬಂದರೆ ಹೊಟ್ಟೆನೋವು ಎನ್ನುತ್ತಾನೆ, ಅದು ನೆಪವಲ್ಲ ಎಂದು ನನಗೆ ಗೊತ್ತು.

ಬರುವ ಜೂನ್‌ನಿಂದ ಮನೆಯಲ್ಲೇ ಕಲಿಸಬೇಕೆಂದು ನಾನೂ ನನ್ನ ಯಜಮಾನರೂ ಯೋಚಿಸುತ್ತಿದ್ದೇವೆ. ಒಬ್ಬರು ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ) ಎನ್ನುತ್ತಾರೆ, ಇನ್ನೊಬ್ಬರು ರಾಜ್ಯ ಪಠ್ಯಕ್ರಮವೇ ಸಾಕೆನ್ನುತ್ತಾರೆ, ಮತ್ತೆ ಕೆಲವರು ವಿದೇಶದಿಂದ ದುಬಾರಿ ಪಠ್ಯಕ್ರಮ ತರಿಸಿಕೊಳ್ಳಿ ಎನ್ನುತ್ತಾರೆ. ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು? ಹೀಗೆ ಶಾಲೆ ಬಿಡಿಸುವುದಕ್ಕೆ ಕಾನೂನಿನ ಅಡ್ಡಿ ಇದೆಯೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ಮಲ್ಲೇಶ್ವರದ ವಿಶೇಷ ಶಿಕ್ಷಕಿ

ಮೇಡಂ, ನೀವು ಎರಡು ಬೇರೆ ಬೇರೆ ತೀರ್ಮಾನಗಳನ್ನು ಒಂದೇ ಪ್ರಶ್ನೆಯಲ್ಲಿ ಸೇರಿಸಿದ್ದೀರಿ. ಮಗುವಿಗೆ ಓದಲು ಯಾವ ಕ್ರಮದಲ್ಲಿ ಕಲಿಸಬೇಕು ಎನ್ನುವುದು ಈ ಜೂನ್‌ನಲ್ಲೇ ತೀರ್ಮಾನವಾಗಬೇಕಾದ ವಿಷಯ. ಯಾವ ಮಂಡಳಿಯ ಹತ್ತನೇ ತರಗತಿ ಪರೀಕ್ಷೆ ಬರೆಸಬೇಕು ಎನ್ನುವುದಕ್ಕೆ ಇನ್ನೂ ನಾಲ್ಕೈದು ವರ್ಷ ಅವಕಾಶವಿದೆ. ನನ್ನ ಬಳಿ ಬರುವ ಹೆತ್ತವರು ಬಹುತೇಕ ಎರಡನೆಯದರ ಚಿಂತೆಯಲ್ಲೇ ಇರುತ್ತಾರೆ. ಅಷ್ಟರಲ್ಲಿ ಮಗು ನಾಲ್ಕನೇ ತರಗತಿಯ ಪುಸ್ತಕವನ್ನು ಮನೆಯಲ್ಲಿ ಕುಳಿತು ಓದಲಾಗದೆ ಒದ್ದಾಡುತ್ತಿರುತ್ತದೆ, ಶಾಲೆಯಲ್ಲಿ ಒದ್ದಾಡಿದಂತೆಯೇ.

ಕನ್ನಡದಿಂದಲೇ ಪ್ರಾರಂಭಿಸಿ ಎಂಬುದು ನನ್ನ ದೃಢವಾದ ಸಲಹೆ. ಅದು ಅವನ ಮನೆಮಾತು; ಅಕ್ಷರಕ್ಕೂ ಉಚ್ಚಾರಕ್ಕೂ ಇರುವ ಸಂಬಂಧ ಇಂಗ್ಲಿಷಿನಷ್ಟು ಗೋಜಲಲ್ಲ. ಆದರೆ ಕಲಿಯಬೇಕಾದ ಅಕ್ಷರರೂಪಗಳು ಬಹಳ. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾವ ತೊಂದರೆಯೂ ಇಲ್ಲದ ಮಕ್ಕಳಿಗೂ ಕನ್ನಡದ ಅಕ್ಷರಗಳು ಪೂರ್ತಿಯಾಗಿ ಕೈವಶವಾಗಲು ನಾಲ್ಕನೇ ತರಗತಿಯವರೆಗೂ ಸಮಯ ಹಿಡಿಯುತ್ತದೆ ಎಂಬುದು ಕಂಡುಬಂದಿದೆ. ಹೀಗಿರುವಾಗ ನಿಮ್ಮ ಮಗ ಒತ್ತಕ್ಷರದಲ್ಲಿ ನಿಲ್ಲುವುದನ್ನು ಕಂಡು ಗಾಬರಿಯಾಗಬೇಡಿ. ಅವನಿಗೆ ಬೇಕಾದದ್ದು ಇನ್ನೂ ಸಣ್ಣ ಮೆಟ್ಟಿಲುಗಳು ಮತ್ತು ಹೆಚ್ಚಿನ ಪುನರಾವರ್ತನೆ.

ಆ ಮೆಟ್ಟಿಲುಗಳು ನಮ್ಮಲ್ಲೇ ಇವೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಕನ್ನಡವನ್ನು ವರ್ಣಮಾಲೆಯ ಅನುಕ್ರಮದಲ್ಲಿ ಕಲಿಸುವುದಿಲ್ಲ. ಬರೆಯಲು ಸುಲಭವಾದ ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಹೊರಟು, ಅಷ್ಟರಲ್ಲೇ ಸರ, ಅರಸ, ಅಗಸ, ಗರಗಸ ಎಂದು ಮಗು ಪದಗಳನ್ನು ಓದುವಂತೆ ಮಾಡುತ್ತಾರೆ. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನದೇ ವೇಗದಲ್ಲಿ ಏರುತ್ತದೆ, ಪಕ್ಕದ ಮಗು ಎಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ. ಡಿಸ್ಲೆಕ್ಸಿಯಾ ಇರುವ ಮಕ್ಕಳಿಗಾಗಿ ರೂಪುಗೊಂಡ ಪದ್ಧತಿ ಇದಲ್ಲ, ಆದರೂ ಅದರ ಅನುಕ್ರಮ ಅಂಥ ಮಕ್ಕಳಿಗೆ ಚೆನ್ನಾಗಿ ಒಗ್ಗುತ್ತದೆ.

ಇದಕ್ಕೆ ನಾನು ಕೆಲವನ್ನು ಸೇರಿಸುತ್ತೇನೆ. ದ, ಧ, ಥ ಅಥವಾ ಪ, ಷ, ಫ ಹೀಗೆ ನೋಟದಲ್ಲಿ ಹೋಲುವ ಅಕ್ಷರಗಳನ್ನು ಒಂದೇ ವಾರದಲ್ಲಿ ಪರಿಚಯಿಸುವುದಿಲ್ಲ. ಒಂದು ಗಟ್ಟಿಯಾದ ಮೇಲೆಯೇ ಇನ್ನೊಂದು. ಹೊಸ ಅಕ್ಷರವನ್ನು ತಟ್ಟೆಯಲ್ಲಿ ಹರಡಿದ ರವೆ ಅಥವಾ ಮರಳಿನಲ್ಲಿ ಬೆರಳಿನಿಂದ ತಿದ್ದುತ್ತಾ, ತಿದ್ದುವಾಗಲೇ ಗಟ್ಟಿಯಾಗಿ ಉಚ್ಚರಿಸಬೇಕು. ಕಣ್ಣು, ಕಿವಿ, ಕೈ ಮೂರೂ ಒಟ್ಟಿಗೆ ದುಡಿಯಬೇಕು. ಒತ್ತಕ್ಷರಗಳಲ್ಲಿ ಅಕ್ಕ, ಅಪ್ಪ, ಹಣ್ಣು ಮುಂತಾದ ಸಜಾತೀಯ ಒತ್ತುಗಳು ಮೊದಲು. ಪುಸ್ತಕ, ನಕ್ಷತ್ರದಂಥ ವಿಜಾತೀಯ ಒತ್ತುಗಳು ಆಮೇಲೆ. ಅರ್ಕಾವತ್ತು ಎಲ್ಲಕ್ಕಿಂತ ಕೊನೆಗೆ ಬರಲಿ. ‘ಸೂರ್ಯ’ ಎಂಬಲ್ಲಿ ಮೊದಲು ಉಚ್ಚರಿಸಬೇಕಾದ ರ್ ಕಣ್ಣಿಗೆ ಕಾಣುವುದು ಯಕಾರದ ನಂತರ. ಎಡದಿಂದ ಬಲಕ್ಕೆ ಓದಲು ಕಷ್ಟಪಟ್ಟು ಕಲಿತ ಮಗುವಿಗೆ ಇದು ಅನ್ಯಾಯವೆಂದೇ ತೋರುತ್ತದೆ, ಮತ್ತು ಅದರ ದೂರಿನಲ್ಲಿ ನ್ಯಾಯವಿದೆ.

ಎಡಿಎಚ್‌ಡಿ ಇರುವುದರಿಂದ ಓದಿನ ಪಾಠ ಒಮ್ಮೆಗೆ ಇಪ್ಪತ್ತು ನಿಮಿಷ ಮೀರದಿರಲಿ; ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸಾಕು. ಉಳಿದ ಹೊತ್ತಿನಲ್ಲಿ ವಿಜ್ಞಾನ, ಇತಿಹಾಸ, ಕಥೆಗಳನ್ನು ಅವನಿಗೆ ನೀವು ಓದಿ ಹೇಳಿ. ಇದು ಬಹಳ ಮುಖ್ಯ. ಓದಲು ಬರುವುದಿಲ್ಲವೆಂದು ತಿಳಿವಳಿಕೆಯನ್ನೂ ಒಂದನೇ ತರಗತಿಯ ಮಟ್ಟದಲ್ಲೇ ಕಟ್ಟಿಹಾಕಿದರೆ, ಮುಂದೆ ಓದು ಬಂದಾಗಲೂ ಓದಿದ್ದು ಅರ್ಥವಾಗುವುದಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ನಮ್ಮದೇ ಊರಿನ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕಥೆಗಳನ್ನು ಓದಿನ ಹಂತಕ್ಕೆ ತಕ್ಕಂತೆ ವಿಂಗಡಿಸಿಟ್ಟಿದ್ದಾರೆ. 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯದಲ್ಲಿ ಮುದ್ರಿತ ಪುಸ್ತಕ ಓದಲಾಗದವರು ಸದಸ್ಯರಾಗಿ, ಕೇಳಿ ಓದಬಹುದಾದ ರೂಪದಲ್ಲಿ ಪುಸ್ತಕಗಳನ್ನು ಪಡೆಯಬಹುದು. ಇಷ್ಟೆಲ್ಲ ಇರುವಾಗ ವಿದೇಶದ ದುಬಾರಿ ಪಠ್ಯಕ್ರಮಕ್ಕೆ ಈಗಲೇ ಹಣ ಸುರಿಯುವುದು ನನಗೆ ಸರಿಕಾಣುವುದಿಲ್ಲ. ಆ ಹಣವನ್ನು ವಾರಕ್ಕೆರಡು ಸಲ ಬರುವ ಒಳ್ಳೆಯ ವಿಶೇಷ ಶಿಕ್ಷಕರಿಗೆ ಕೊಡಿ.

ಉತ್ತರ: ಹೆಬ್ಬಾಳದ ಒಬ್ಬ ತಂದೆ

ನನ್ನ ಮಗಳಿಗೆ ಆಟಿಸಂ ಇದೆ. ಕೆಲ ಕಾಲ ಮನೆಯಲ್ಲಿ ಕಲಿಸಿ, ಈಗ ಶಾಲೆಗೆ ಕಳುಹಿಸುತ್ತಿದ್ದೇವೆ. ಕಾನೂನಿನ ಬಗ್ಗೆ ನನಗೆ ತಿಳಿದಷ್ಟು ಬರೆಯುತ್ತೇನೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಹತ್ತನೇ ಪ್ರಕರಣದ ಪ್ರಕಾರ 6ರಿಂದ 14 ವರ್ಷದ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ. ಆದರೆ ಸೇರಿಸದ ಹೆತ್ತವರಿಗೆ ಆ ಕಾಯ್ದೆಯಲ್ಲಿ ದಂಡನೆಯಿಲ್ಲ. 2012ರ ತಿದ್ದುಪಡಿಯು ಬಹುವಿಧದ ಅಥವಾ ತೀವ್ರ ಅಂಗವೈಕಲ್ಯವಿರುವ ಮಕ್ಕಳಿಗೆ ಮನೆಯಲ್ಲೇ ಶಿಕ್ಷಣ ಪಡೆಯುವ ಹಕ್ಕನ್ನು ಸ್ಪಷ್ಟವಾಗಿ ಕೊಟ್ಟಿದೆ. ಅಂಥ ಮಕ್ಕಳ ಹೆಸರು ಸರ್ಕಾರಿ ಶಾಲೆಯ ದಾಖಲೆಯಲ್ಲಿದ್ದು, ಬ್ಲಾಕ್ ಮಟ್ಟದ ಬಿಐಇಆರ್‌ಟಿ (ಸಮನ್ವಯ ಶಿಕ್ಷಣ ಸಂಪನ್ಮೂಲ) ಶಿಕ್ಷಕರು ಮನೆಗೆ ಬರುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ. ನಿಮ್ಮ ಮಗನ ತೊಂದರೆ ಆ ವರ್ಗಕ್ಕೆ ಸೇರುವುದಿಲ್ಲ. ನಿಮ್ಮ ಹಾದಿ ನಿಷಿದ್ಧವಲ್ಲ, ಆದರೆ ಸರ್ಕಾರ ಅದಕ್ಕಾಗಿ ಯಾವ ವ್ಯವಸ್ಥೆಯನ್ನೂ ಮಾಡಿಲ್ಲ. ಮತ್ತೆ ಶಾಲೆಗೆ ಸೇರಿಸಬೇಕೆನಿಸಿದರೆ, ಅದೇ ಕಾಯ್ದೆಯ ನಾಲ್ಕನೇ ಪ್ರಕರಣದಂತೆ ವಯಸ್ಸಿಗೆ ತಕ್ಕ ತರಗತಿಗೆ ಪ್ರವೇಶ ಪಡೆಯಬಹುದು. ವರ್ಗಾವಣೆ ಪ್ರಮಾಣಪತ್ರವನ್ನು ಮಾತ್ರ ಮರೆಯದೆ ಪಡೆದಿಟ್ಟುಕೊಳ್ಳಿ.

ಆದರೂ ಒಂದು ಮಾತು ಹೇಳಲೇಬೇಕು. ನಿರ್ದಿಷ್ಟ ಕಲಿಕಾ ನ್ಯೂನತೆಯು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಒಂದು. ಸರ್ಕಾರದಿಂದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳಿಗೆ ಅಗತ್ಯವಾದ ಅನುಕೂಲಗಳನ್ನು ಮಾಡಿಕೊಡಬೇಕೆಂದು ಆ ಕಾಯ್ದೆ ಹೇಳುತ್ತದೆ. ಬೋರ್ಡಿನಿಂದ ಬರೆದುಕೊಳ್ಳುವ ಬದಲು ಮುದ್ರಿತ ಹಾಳೆ, ಬಾಯಿಯಲ್ಲಿ ಉತ್ತರಿಸುವ ಅವಕಾಶ, ಹೆಚ್ಚುವರಿ ಸಮಯ: ಇವಿಷ್ಟನ್ನು ಪತ್ರ ಬರೆದು ಕೇಳಿದ್ದೀರಾ? ಶಾಲೆಯವರು ಒಪ್ಪದಿದ್ದರೆ ಬಿಡಿಸಿ. ಕೇಳದೆಯೇ ಬಿಡಿಸಬೇಡಿ. ಮನೆಯಲ್ಲಿ ಕಲಿಸುವ ಭಾರ ಕೊನೆಗೆ ತಾಯಿಯ ಮೇಲೆಯೇ ಬೀಳುತ್ತದೆ. ದಿನವಿಡೀ ಶಿಕ್ಷಕಿಯಾದವರು ಸಂಜೆ ಮತ್ತೆ ಅಮ್ಮನಾಗುವುದು ಎಷ್ಟು ಕಷ್ಟವೆಂಬುದನ್ನು ನಾನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ನಿಮ್ಮ ಯಜಮಾನರು ಯಾವ ಪಾಠ ಹೊರುತ್ತಾರೆ ಎಂಬುದನ್ನು ಜೂನ್‌ಗೆ ಮೊದಲೇ ಮಾತನಾಡಿಕೊಳ್ಳಿ.

ಉತ್ತರ: ರಾಜಾಜಿನಗರದ ಒಬ್ಬ ತಾಯಿ

ನನ್ನ ಮಗಳು ಹತ್ತನೇ ತರಗತಿಯನ್ನು ಎನ್‌ಐಒಎಸ್ ಮೂಲಕ ಮುಗಿಸಿದಳು. ಅದಕ್ಕೆ ಕನಿಷ್ಠ ವಯಸ್ಸು 14. ಅದಕ್ಕೂ ಮೊದಲು 3, 5, 8ನೇ ತರಗತಿಗಳಿಗೆ ಸಮನಾದ ಎ, ಬಿ, ಸಿ ಎಂಬ ಮೂರು ಹಂತಗಳ ಮುಕ್ತ ಮೂಲ ಶಿಕ್ಷಣವಿದೆ.

ಹತ್ತನೇ ತರಗತಿಗೆ ಐದು ವಿಷಯ ಸಾಕು. ಅವುಗಳಲ್ಲಿ ಒಂದು ಭಾಷೆ ಕಡ್ಡಾಯ, ಅದು ಕನ್ನಡವೂ ಆಗಬಹುದು. ಚಿತ್ರಕಲೆ, ಗೃಹವಿಜ್ಞಾನದಂಥ ವಿಷಯಗಳನ್ನೂ ಆರಿಸಿಕೊಳ್ಳಬಹುದು. ವರ್ಷಕ್ಕೆರಡು ಸಲ ಪರೀಕ್ಷೆ ನಡೆಯುತ್ತದೆ, ಪ್ರವೇಶ ಐದು ವರ್ಷ ಚಾಲ್ತಿಯಲ್ಲಿರುತ್ತದೆ, ಒಮ್ಮೆ ಪಾಸಾದ ವಿಷಯವನ್ನು ಮತ್ತೆ ಬರೆಯಬೇಕಿಲ್ಲ. ಒಂದು ಸಲಕ್ಕೆ ಎರಡೇ ವಿಷಯ ಬರೆಯುವ ಅನುಕೂಲ ನನ್ನ ಮಗಳ ಭಯವನ್ನು ಕಳೆಯಿತು. ಗಣಿತ ಕಡ್ಡಾಯವಲ್ಲ. ಆದರೆ ಮುಂದೆ ಡಿಪ್ಲೊಮಾ ಅಥವಾ ವಿಜ್ಞಾನದ ಪಿಯುಸಿ ಎಂಬ ಆಸೆ ಇದ್ದರೆ ಗಣಿತ, ವಿಜ್ಞಾನ ಬೇಕೇ ಬೇಕು. ನಿಮ್ಮ ಮಗ ಬಾಯಿಲೆಕ್ಕದಲ್ಲಿ ಚುರುಕಾಗಿದ್ದಾನೆ ಎಂದಿದ್ದೀರಿ. ಓದಿನ ತೊಂದರೆಯ ಕಾರಣಕ್ಕೆ ಅವನಿಂದ ಗಣಿತವನ್ನು ಕಿತ್ತುಕೊಳ್ಳಬೇಡಿ.

ಪ್ರಶ್ನೆ ಕೇಳಿದ ತಾಯಿಯ ಮರುಪ್ರಶ್ನೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಶಾಲೆಗೆ ಪತ್ರ ಬರೆದು ಕೇಳುತ್ತೇವೆ. ಮೇಡಂ, ಇನ್ನೂ ಮೂರು ಸಂದೇಹಗಳಿವೆ. ಕನ್ನಡ ಮೊದಲು ಎಂದರೆ ಇಂಗ್ಲಿಷನ್ನು ಪೂರ್ತಿ ನಿಲ್ಲಿಸಬೇಕೇ? ನಮ್ಮ ಬಳಿ ಇರುವ ಖಾಸಗಿ ವರದಿ ಮುಂದೆ ಪರೀಕ್ಷೆಯ ರಿಯಾಯಿತಿಗೆ ಸಾಕಾಗುತ್ತದೆಯೇ? ಬರವಣಿಗೆಗೆ ಏನು ಮಾಡಬೇಕು? ಪೆನ್ಸಿಲ್ ಹಿಡಿದರೆ ಎರಡು ಸಾಲಿಗೇ ಕೈ ಸೋಲುತ್ತದೆ, ಬರೆದದ್ದು ಅವನಿಗೇ ಓದಲು ಬರುವುದಿಲ್ಲ.

ಉತ್ತರ: ಮಲ್ಲೇಶ್ವರದ ವಿಶೇಷ ಶಿಕ್ಷಕಿ

ಇಂಗ್ಲಿಷನ್ನು ನಿಲ್ಲಿಸಬೇಡಿ, ಆದರೆ ಸದ್ಯಕ್ಕೆ ಅದು ಮಾತು ಮತ್ತು ಕೇಳ್ಮೆಯಲ್ಲಿ ಇರಲಿ. ಕನ್ನಡದಲ್ಲಿ ಕಾಗುಣಿತ ಕೈಗೆ ಬಂದು, ನಾನು ಓದಬಲ್ಲೆ ಎಂಬ ಧೈರ್ಯ ಹುಟ್ಟಿದ ಮೇಲೆ ಇಂಗ್ಲಿಷಿನ ಧ್ವನಿಗಳನ್ನು ಒಂದೊಂದಾಗಿ, ನಿಯಮದ ಪ್ರಕಾರ ಕಲಿಸುವ ಆರ್ಟನ್-ಗಿಲಿಂಗ್‌ಹ್ಯಾಮ್ ಮಾದರಿಯ ಪಾಠ ಪ್ರಾರಂಭಿಸಿ. ಮೂರನೇ ಭಾಷೆಯನ್ನು ಮನೆಯಲ್ಲಿ ಕೈಬಿಡಬಹುದು. ಹೆಬ್ಬಾಳದವರು ಹೇಳಿದಂತೆ ಶಾಲೆಯಲ್ಲೇ ಮುಂದುವರಿಸಿದರೂ ಈ ಕ್ರಮವನ್ನು ಸಂಜೆಯ ಹೊತ್ತು ನಡೆಸಬಹುದು. ಶಾಲೆ ಬಿಡಿಸಿದರೆ ಮಾತ್ರ ಫಲ ಎಂದೇನಿಲ್ಲ.

ಖಾಸಗಿ ವರದಿ ಪಾಠದ ಯೋಜನೆಗೆ ಸಾಕು, ರಿಯಾಯಿತಿಗೆ ಸಾಲದು. ಅದಕ್ಕೆ ಅಧಿಕೃತ ವೈದ್ಯಕೀಯ ಪ್ರಾಧಿಕಾರದ ಅಂಗವೈಕಲ್ಯ ಪ್ರಮಾಣಪತ್ರ ಬೇಕಾಗುತ್ತದೆ. ಅಂಗವಿಕಲರ ಗುರುತಿನ ಚೀಟಿಯ ಯುಡಿಐಡಿ ಜಾಲತಾಣದಲ್ಲಿ ಅರ್ಜಿ ಹಾಕಬೇಕು. 2018ರ ಮಾರ್ಗಸೂಚಿ ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೆ ಕನಿಷ್ಠ 8 ವರ್ಷ ಎಂದು ಗೊತ್ತುಪಡಿಸಿತ್ತು. ನಿಮ್ಮ ಮಗನಿಗೆ ಆ ವಯಸ್ಸು ದಾಟಿದೆ. ಅದೇ ಮಾರ್ಗಸೂಚಿಯಂತೆ 14ರಲ್ಲಿ ಮತ್ತು 18ರಲ್ಲಿ ಮರುಪರೀಕ್ಷೆ ಆಗಬೇಕಿತ್ತು; 2024ರಲ್ಲಿ ಹೊಸ ಮಾರ್ಗಸೂಚಿ ಬಂದಿದೆ, ಅರ್ಜಿ ಹಾಕುವಾಗ ಈಗಿನ ನಿಯಮವನ್ನು ಕೇಳಿಕೊಳ್ಳಿ. ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲದಿರುವುದರಿಂದ ಅರ್ಜಿ ಕಲಿಕಾ ನ್ಯೂನತೆಯ ಹೆಸರಿನಲ್ಲೇ ಇರಲಿ. ಈಗಿನ ವರದಿಯಲ್ಲಿ ನಿಮ್‌ಹಾನ್ಸ್‌ನ ಕಲಿಕಾ ನ್ಯೂನತೆ ಸೂಚ್ಯಂಕದ ಅಂಕಗಳಿದ್ದರೆ ಅದರ ಪ್ರತಿಯನ್ನು ಜೊತೆಗೆ ಒಯ್ಯಿರಿ.

ಬರವಣಿಗೆಗೆ ಮೊದಲು ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರಿಗೆ ಅವನ ಕೈ ತೋರಿಸಿ. ಹಿಡಿತ ಮತ್ತು ಭುಜದ ಬಲ ಸರಿಯಾಗದೆ ಕಾಪಿ ಬರೆಸುವುದು ಬರೀ ಹಿಂಸೆ. ಅದರ ಜೊತೆಗೇ ಕನ್ನಡ ಟೈಪಿಂಗ್ ಕಲಿಸಿ. ಇದಕ್ಕೆ ಬೇರೊಂದು ಕಾರಣವೂ ಇದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಅಕ್ಷರಗಳನ್ನು ಉಚ್ಚಾರದ ಅನುಕ್ರಮದಲ್ಲೇ ಒತ್ತಬೇಕು. ‘ಸೂರ್ಯ’ ಎಂದು ಮೂಡಿಸಲು ರಕಾರವನ್ನು ಮೊದಲು, ಯಕಾರವನ್ನು ಆಮೇಲೆ ಒತ್ತುತ್ತೇವೆ; ಅರ್ಕಾವತ್ತು ತಾನಾಗಿ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಕಾಗದದ ಮೇಲೆ ಇದನ್ನು ಬರೆಯಲಾಗದ ಎಷ್ಟೋ ಮಕ್ಕಳು ಕೀಲಿಮಣೆಯಲ್ಲಿ ಧ್ವನಿಯ ಅನುಕ್ರಮವನ್ನು ಹಿಡಿದು, ಆಮೇಲೆ ಪುಸ್ತಕದಲ್ಲೂ ಅದನ್ನು ಗುರುತಿಸತೊಡಗಿದ್ದನ್ನು ನಾನು ನೋಡಿದ್ದೇನೆ. ದಿನಕ್ಕೆ ಹತ್ತು ನಿಮಿಷದಿಂದ ಪ್ರಾರಂಭಿಸಿ, ಅವನು ಬಾಯಲ್ಲಿ ಹೇಳಿದ ಕಥೆಯ ಒಂದೊಂದು ವಾಕ್ಯವನ್ನೇ ಅವನಿಂದ ಟೈಪ್ ಮಾಡಿಸಿ.